ಉಪಗ್ರಹದ ಓಝೋನ್ ಲೆಕ್ಕ ಎಷ್ಟು ನಂಬಬಹುದು? ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸೆಪ್ಟೆಂಬರ್ 16ರ ಓಝೋನ್ ದಿನ ಹತ್ತಿರ ಬಂದರೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಶಾಲೆ–ಕಾಲೇಜುಗಳಲ್ಲಿ ಮಾತಾಡಲು ಕರೆಯುತ್ತಾರೆ. ಭಾಷಣ ಮುಗಿದ ಮೇಲೆ ಕಾಫಿ ಕುಡಿಯುವಾಗ ಬರುವ ಪ್ರಶ್ನೆಗಳೇ ಚೆನ್ನಾಗಿರುತ್ತವೆ. ಆಮೇಲೆ ಪತ್ರ, ಮೆಸೇಜು ಬರುತ್ತವೆ. ಹೆಚ್ಚು ಸಲ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಕೊನೆಗೆ.

## ಮೊದಲು ತಿಳಿಯಬೇಕಾದ್ದು

ಓಝೋನ್ ಪದರ ಅಂತೀರಲ್ಲ ಸರ್, ಅದು ಎಷ್ಟು ದಪ್ಪ ಇದೆ?

ಪದರ ಅಂದ ತಕ್ಷಣ ಮೇಲೆ ಏನೋ ಹಾಸಿದ ಹಾಗೆ ಅನಿಸುತ್ತದೆ. ಹಾಗೇನಿಲ್ಲ. ನೆಲದಿಂದ ಹಿಡಿದು 50 ಕಿಲೋಮೀಟರ್ ಎತ್ತರದವರೆಗೂ ಓಝೋನ್ ಚೆದುರಿಕೊಂಡಿದೆ. ಅದರಲ್ಲಿ ಸುಮಾರು ಶೇ. 90 ಇರುವುದು ಮೋಡಗಳಿಗಿಂತ ಮೇಲಿನ ಸ್ತರವಾದ ಸ್ಟ್ರಾಟೋಸ್ಫಿಯರ್‌ನಲ್ಲಿ. ನಮ್ಮಂಥ ಉಷ್ಣವಲಯದಲ್ಲಿ 25 ಕಿಲೋಮೀಟರ್ ಆಸುಪಾಸಿನಲ್ಲಿ ಅದು ದಟ್ಟ.

ಇಷ್ಟನ್ನೂ ಕೆಳಗಿಳಿಸಿ, ಸಮುದ್ರ ಮಟ್ಟದ ಒತ್ತಡದಲ್ಲಿ, 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಟ್ಟುಮಾಡಿದರೆ ಸಿಗುವುದು ಸುಮಾರು 3 ಮಿಲಿಮೀಟರ್. ಅದನ್ನೇ 300 ಡಾಬ್ಸನ್ ಯೂನಿಟ್ ಅನ್ನುತ್ತಾರೆ. ಒಂದು ಯೂನಿಟ್ ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. 1920ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓಝೋನ್ ಅಳೆಯುವ ಉಪಕರಣ ಕಟ್ಟಿದ ಡಾಬ್ಸನ್ ಅವರ ಹೆಸರು ಅದಕ್ಕೆ ಬಂದಿದೆ. ಕೊಡಗಿನ ಅಕ್ಷಾಂಶದಲ್ಲಿ ಹೆಚ್ಚುಕಡಿಮೆ 240ರಿಂದ 280 ಇರುತ್ತದೆ. ಡಿಸೆಂಬರ್–ಜನವರಿಯಲ್ಲಿ ಕಡಿಮೆ, ಮಳೆಗಾಲದ ಹೊತ್ತಿಗೆ ಜಾಸ್ತಿ.

ಕೊಡಗಿನ ಮೇಲೆ 245 ಅಂತ ನೋಡಿದೆ. ನಮಗೂ ತೂತು ಬಿತ್ತಾ?

ಇಲ್ಲ. ಅಂಟಾರ್ಕ್ಟಿಕಾದಲ್ಲಿ 220ಕ್ಕಿಂತ ಕೆಳಗಿಳಿದ ಜಾಗವನ್ನು ಓಝೋನ್ ರಂಧ್ರ ಅಂತ ಲೆಕ್ಕ ಹಾಕುತ್ತಾರೆ. ಉಷ್ಣವಲಯದಲ್ಲಿ ಓಝೋನ್ ಹುಟ್ಟುವುದು ಹೆಚ್ಚು, ಆದರೆ ಮೇಲಿನ ಗಾಳಿ ಅದನ್ನು ಧ್ರುವಗಳ ಕಡೆಗೆ ಸಾಗಿಸಿಬಿಡುತ್ತದೆ. ಹಾಗಾಗಿ ನಮಗೆ ಉಳಿಯುವುದು ಮೊದಲಿನಿಂದಲೂ ಕಡಿಮೆ. ಇದರ ಜತೆಗೆ ನಾವು ಎತ್ತರದಲ್ಲಿದ್ದೇವೆ, ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನೆತ್ತಿಗೇ ಬರುತ್ತಾನೆ. ಬೇಸಿಗೆಯ ನಡುಮಧ್ಯಾಹ್ನ ತೋಟದಲ್ಲಿ, ಬಯಲಲ್ಲಿ ಕೆಲಸ ಮಾಡುವವರು ತಲೆ, ಕುತ್ತಿಗೆ ಮುಚ್ಚಿಕೊಳ್ಳಬೇಕಾದ್ದು ಅದಕ್ಕೆ. ತೂತು ಬಿದ್ದಿದೆ ಅಂತ ಅಲ್ಲ.

ಅಷ್ಟು ಮೇಲಿರೋ ಉಪಗ್ರಹ, ಕಣ್ಣಿಗೆ ಕಾಣದ ಅನಿಲವನ್ನು ಹೇಗೆ ಅಳೆಯುತ್ತೆ?

ಬಿಸಿಲಿನ ನೇರಳಾತೀತ ಬೆಳಕು ಕೆಳಗಿಳಿದು, ಗಾಳಿಗೆ, ಮೋಡಕ್ಕೆ, ನೆಲಕ್ಕೆ ಬಡಿದು ಒಂದಿಷ್ಟು ವಾಪಸ್ ಮೇಲೆ ಹೋಗುತ್ತದೆ. ಉಪಗ್ರಹ ಅದನ್ನು ಹಿಡಿಯುತ್ತದೆ. ಓಝೋನ್ ಎಲ್ಲ ಬಣ್ಣವನ್ನೂ, ಅಂದರೆ ಎಲ್ಲ ತರಂಗಾಂತರವನ್ನೂ, ಒಂದೇ ಸಮ ಹೀರುವುದಿಲ್ಲ. 317 ನ್ಯಾನೋಮೀಟರ್ ಹತ್ತಿರದ ಬೆಳಕನ್ನು ಚೆನ್ನಾಗಿ ಹೀರುತ್ತದೆ, 331 ಹತ್ತಿರದ್ದನ್ನು ಅಷ್ಟಾಗಿ ಹೀರುವುದಿಲ್ಲ. ಎರಡರಲ್ಲೂ ಎಷ್ಟೆಷ್ಟು ವಾಪಸ್ ಬಂತು ಅಂತ ನೋಡಿ ಹೋಲಿಸಿದರೆ ನಡುವೆ ಎಷ್ಟು ಓಝೋನ್ ಇತ್ತು ಅಂತ ಲೆಕ್ಕ ಸಿಗುತ್ತದೆ. ಈಗಿನ ಉಪಕರಣಗಳು ಎರಡೇ ಬಣ್ಣದ ಬದಲು ನೂರಾರು ಬಣ್ಣಗಳನ್ನು ಒಟ್ಟಿಗೆ ಓದುತ್ತವೆ. ಮೂಲ ಉಪಾಯ ಅದೇ.

ಅಂದರೆ ಉಪಗ್ರಹ ನಿಜಕ್ಕೂ ಅಳೆಯುವುದು ಬೆಳಕನ್ನು. ಬೆಳಕಿನ ಲೆಕ್ಕ ಶೇ. 1 ತಪ್ಪಿದರೆ ಓಝೋನ್ ಲೆಕ್ಕ ಅದಕ್ಕಿಂತ ಜಾಸ್ತಿಯೇ ತಪ್ಪಬಹುದು.

ಕಳಿಸುವ ಮುಂಚೆ ಕ್ಯಾಲಿಬ್ರೇಷನ್ ಮಾಡೇ ಕಳಿಸ್ತಾರಲ್ಲ, ಮತ್ತೆ ಯಾಕೆ ದಿನಾ ತಲೆಬಿಸಿ?

ಮಾಡಿಯೇ ಕಳಿಸುತ್ತಾರೆ. ಕ್ಯಾಲಿಬ್ರೇಷನ್ ಅಂದರೆ ಗೊತ್ತಿರುವ ಅಳತೆಗೆ ಹೋಲಿಸಿ ಉಪಕರಣವನ್ನು ಸರಿಹೊಂದಿಸುವುದು. ಎಷ್ಟು ಬೆಳಕು ಕೊಡುತ್ತದೆ ಅಂತ ಪಕ್ಕಾ ಅಳೆದಿಟ್ಟ 1000 ವ್ಯಾಟ್‌ನ ಹ್ಯಾಲೊಜೆನ್ ದೀಪದ ಮುಂದೆ ಉಪಕರಣ ಇಟ್ಟು ನೋಡುತ್ತಾರೆ. ಗಾಳಿ ತೆಗೆದ ಕೋಣೆಯಲ್ಲಿಟ್ಟು ನೋಡುತ್ತಾರೆ. ಆದರೆ ರಾಕೆಟ್‌ನಲ್ಲಿ ಅದುರಿಕೊಂಡು ಮೇಲೆ ಹೋದ ಮೇಲೆ ಅದರ ಆಯಸ್ಸೇ ಬೇರೆ. ಕಡು ನೇರಳಾತೀತ ಬಿಸಿಲು, ವಿಕಿರಣ, ಉಪಗ್ರಹದ ಅಂಟು–ಬಣ್ಣಗಳಿಂದಲೇ ಹೊರಟು ಗಾಜಿನ ಮೇಲೆ ಕೂರುವ ತೆಳು ಪೊರೆ, ಎಲ್ಲ ಸೇರಿ ಉಪಕರಣ ಮುದಿಯಾಗುತ್ತದೆ.

ಇಲ್ಲೇ ಇರುವುದು ಇಡೀ ಕಷ್ಟ. ವಿಶ್ವ ಹವಾಮಾನ ಸಂಸ್ಥೆಯ 2022ರ ಓಝೋನ್ ವರದಿ ಪ್ರಕಾರ, ಧ್ರುವ ಪ್ರದೇಶ ಬಿಟ್ಟು ಉಳಿದ ಭೂಮಿಯ ಮೇಲೆ ಒಟ್ಟು ಓಝೋನ್ 1996ರಿಂದ 2020ರವರೆಗೆ ದಶಕಕ್ಕೆ ಶೇ. 0.3ರಷ್ಟು ಮಾತ್ರ ಚೇತರಿಸಿಕೊಂಡಿದೆ. ಹತ್ತು ವರ್ಷಕ್ಕೆ ಶೇ. 0.3! ಉಪಕರಣ ಹತ್ತು ವರ್ಷದಲ್ಲಿ ಅದರ ಹತ್ತು ಪಟ್ಟು ಮಂಕಾಗುವುದು ಮಾಮೂಲಿ. ಯಾವುದು ಆಕಾಶದ ಬದಲಾವಣೆ, ಯಾವುದು ಗಾಜಿನ ಬದಲಾವಣೆ ಅಂತ ಬೇರ್ಪಡಿಸದೆ ಇದ್ದರೆ ಓಝೋನ್ ಸುಧಾರಿಸುತ್ತಿದೆ ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು.

ನಮ್ಮ ಪಕ್ಕದ ಹಾಸನದಲ್ಲಿ ಇಸ್ರೋ ಕೇಂದ್ರ ಇದೆಯಲ್ಲ, ಇದನ್ನೆಲ್ಲ ಅವರೇ ಮಾಡೋದಾ?

ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇನ್ಸಾಟ್‌ನಂಥ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದಿಟ್ಟು ನಡೆಸುತ್ತದೆ. ಓಝೋನ್ ಲೆಕ್ಕದ ಕೆಲಸ ಅಲ್ಲಿಯದಲ್ಲ. ಆದರೆ ನಂಟು ಇದೆ. 2013ರಲ್ಲಿ ಹಾರಿದ ಇನ್ಸಾಟ್‌-3ಡಿಯಲ್ಲಿ 19 ಚಾನೆಲ್‌ನ ಸೌಂಡರ್ (ಗಾಳಿಯನ್ನು ಎತ್ತರ ಎತ್ತರಕ್ಕೆ ಅಳೆಯುವ ಉಪಕರಣ) ಇತ್ತು. ಅದರಲ್ಲೊಂದು ಚಾನೆಲ್ ಓಝೋನ್ ಹೀರುವ 9.7 ಮೈಕ್ರೋಮೀಟರ್ ಆಸುಪಾಸಿನ ಶಾಖಕಿರಣಕ್ಕೆ ಮೀಸಲು. ಇದು ಬಿಸಿಲನ್ನು ನಂಬಿಕೊಂಡಿಲ್ಲ, ರಾತ್ರಿಯೂ ನಡೆಯುತ್ತದೆ. ಇದರ ಕ್ಯಾಲಿಬ್ರೇಷನ್ನೂ ಬೇರೆ ತರಹ: ಒಮ್ಮೆ ಖಾಲಿ, ತಣ್ಣನೆ ಬಾಹ್ಯಾಕಾಶ ನೋಡುತ್ತದೆ, ಇನ್ನೊಮ್ಮೆ ತನ್ನೊಳಗಿನ, ತಾಪಮಾನ ಗೊತ್ತಿರುವ ಕಪ್ಪು ಫಲಕ ನೋಡುತ್ತದೆ. ಈ ಎರಡರ ನಡುವೆ ಭೂಮಿಯ ಲೆಕ್ಕ ಕೂರುತ್ತದೆ. ಇಲ್ಲಿಂದ ಮುಂದೆ ಹೇಳುವುದೆಲ್ಲ ಬಿಸಿಲಿನಿಂದ ಅಳೆಯುವ ಉಪಕರಣಗಳ ಬಗ್ಗೆ.

## ಮೇಲೆ ಹೋದ ಮೇಲೆ

ರಿಪೇರಿಗೆ ಯಾರೂ ಹೋಗಲ್ಲ. ಹಾಗಾದ್ರೆ ಯಾವುದನ್ನು ನೋಡಿ ಸರಿ ಮಾಡ್ಕೊಳ್ಳೋದು?

ಸೂರ್ಯನನ್ನು ನೋಡಿ. ನೇರವಾಗಿ ನೋಡಿದರೆ ಬೆಳಕು ವಿಪರೀತ. ಹಾಗಾಗಿ ಡಿಫ್ಯೂಸರ್ ಅನ್ನುವ ತರಿತರಿಯಾದ ಒಂದು ಫಲಕವನ್ನು ಅಡ್ಡ ಇಟ್ಟು, ಅದರ ಮೇಲೆ ಬಿದ್ದು ಹರಡಿದ ಬಿಸಿಲನ್ನು ಅಳೆಯುತ್ತಾರೆ. ಭೂಮಿಯಿಂದ ಬಂದ ಬೆಳಕನ್ನು ಈ ಬಿಸಿಲಿನ ಲೆಕ್ಕದಿಂದ ಭಾಗಿಸುತ್ತಾರೆ.

ಇದರ ಜಾಣತನ ನೋಡಿ. ಎರಡು ಬೆಳಕೂ ಹೋಗುವುದು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಅದೇ ಗ್ರೇಟಿಂಗ್, ಅದನ್ನು ಅಳೆಯುವ ಅದೇ ಡಿಟೆಕ್ಟರ್. ಡಿಟೆಕ್ಟರ್ ಶೇ. 5 ಮಂಕಾದರೆ ಮೇಲಿನ ಸಂಖ್ಯೆಯೂ ಶೇ. 5 ಇಳಿಯಿತು, ಕೆಳಗಿನದೂ ಇಳಿಯಿತು. ಭಾಗಿಸಿದಾಗ ಹೊಡೆದುಹೋಯಿತು! ಹೊಡೆದುಹೋಗದೆ ಉಳಿಯುವ ಮುಖ್ಯ ವಸ್ತು ಡಿಫ್ಯೂಸರ್. ಯಾಕೆಂದರೆ ಅದು ಸೂರ್ಯನ ದಾರಿಯಲ್ಲಿ ಮಾತ್ರ ಇದೆ.

ಆ ಫಲಕವೇ ಕೆಟ್ಟರೆ?

ಕೆಟ್ಟಿತ್ತು. 1978ರ ಅಕ್ಟೋಬರ್‌ನಲ್ಲಿ ನಾಸಾ ಹಾರಿಸಿದ ನಿಂಬಸ್‌-7ರಲ್ಲಿ ಟಾಮ್ಸ್ ಮತ್ತು ಎಸ್‌ಬಿಯುವಿ ಅನ್ನುವ ಎರಡು ಓಝೋನ್ ಉಪಕರಣ ಇದ್ದವು. ಎರಡಕ್ಕೂ ಸೇರಿ ಅಲ್ಯೂಮಿನಿಯಂನ ಒಂದೇ ಡಿಫ್ಯೂಸರ್. ಬಿಸಿಲಿಗೆ ಒಡ್ಡಿ ಒಡ್ಡಿ ಅದು ಕಪ್ಪಾಗುತ್ತ ಬಂತು. ಅದೂ ಎಲ್ಲ ಬಣ್ಣಕ್ಕೂ ಸಮನಾಗಿ ಅಲ್ಲ, ಕಿರಿದಾದ ತರಂಗಗಳಿಗೆ ಜಾಸ್ತಿ.

ಪರಿಣಾಮ ಏನಾಯಿತು ಅಂದರೆ, 317ರಂಥ ಕಿರಿ ತರಂಗದಲ್ಲಿ ಸೂರ್ಯ ಇರುವುದಕ್ಕಿಂತ ಮಂಕಾಗಿ ಕಂಡ. ಭಾಗಿಸಿದಾಗ ಭೂಮಿಯಿಂದ ಆ ಬೆಳಕು ಜಾಸ್ತಿ ವಾಪಸ್ ಬಂದ ಹಾಗೆ ಕಂಡಿತು. ಜಾಸ್ತಿ ಬಂತು ಅಂದರೆ ಹೀರುವ ಓಝೋನ್ ಕಡಿಮೆ ಇದೆ ಅಂತ ಅರ್ಥ. ವರ್ಷದಿಂದ ವರ್ಷಕ್ಕೆ ಓಝೋನ್ ನಿಜಕ್ಕಿಂತ ಜೋರಾಗಿ ಕುಸಿಯುತ್ತಿದೆ ಅಂತ ಉಪಗ್ರಹದ ಪಟ್ಟಿ ಹೇಳತೊಡಗಿತು. ನೆಲದ ಡಾಬ್ಸನ್ ಉಪಕರಣಗಳು ಅಷ್ಟು ಕುಸಿತ ತೋರಿಸಲಿಲ್ಲ. 1988ರಲ್ಲಿ ಓಝೋನ್ ಟ್ರೆಂಡ್ಸ್ ಪ್ಯಾನೆಲ್ ಅನ್ನುವ ವಿಜ್ಞಾನಿಗಳ ಸಮಿತಿ ಎಲ್ಲವನ್ನೂ ಕೆದಕಿ ನೋಡಿ, ದೋಷ ಡಿಫ್ಯೂಸರ್‌ನದು ಅಂದಿತು. ಕುಸಿತವೇ ಸುಳ್ಳು ಅಂತ ಅಲ್ಲ. ಕುಸಿತ ಇತ್ತು, ಉಪಗ್ರಹ ಹೇಳಿದಷ್ಟು ಇರಲಿಲ್ಲ.

ಇದರಿಂದ ಎಲ್ಲರೂ ಹುಷಾರಾದರು. 1991ರಲ್ಲಿ ಸೋವಿಯತ್ ಉಪಗ್ರಹ ಮೆಟಿಯೋರ್‌-3ರ ಮೇಲೆ ಹೋದ ಟಾಮ್ಸ್‌ನಲ್ಲಿ ಮೂರು ಡಿಫ್ಯೂಸರ್ ಇಟ್ಟರು. ಒಂದು ಸದಾ ಬಯಲಿಗೆ, ಒಂದು ಆಗಾಗ, ಒಂದು ಅಪರೂಪಕ್ಕೆ. ಅಪರೂಪದ್ದಕ್ಕೆ ಬಿಸಿಲು ತಾಗುವುದೇ ಕಡಿಮೆಯಾದ್ದರಿಂದ ಅದು ಹೊಸದಾಗಿಯೇ ಉಳಿಯುತ್ತದೆ, ಉಳಿದವು ಎಷ್ಟು ಕಪ್ಪಾದವು ಅಂತ ಅದು ಹೇಳುತ್ತದೆ. 2004ರಲ್ಲಿ ಔರಾ ಉಪಗ್ರಹದ ಜತೆ ಹೋದ ಓಮಿ ಉಪಕರಣದಲ್ಲಿ ದಿನದ ಕೆಲಸಕ್ಕೆ ಕ್ವಾರ್ಟ್ಜ್ ಡಿಫ್ಯೂಸರ್, ತಪಾಸಣೆಗೆ ಬೇರೆ ಎರಡು. 2017ರಲ್ಲಿ ಹಾರಿದ ಟ್ರೋಪೋಮಿ ಉಪಕರಣದಲ್ಲೂ ಇದೇ ಪದ್ಧತಿ.

ಓಝೋನ್ ರಂಧ್ರ ಕಂಡರೂ ನಾಸಾ ಕಂಪ್ಯೂಟರ್ ಕಸ ಅಂತ ಬಿಸಾಡಿತ್ತಂತೆ, ನಿಜಾನಾ?

ಎಲ್ಲ ಮೇಷ್ಟ್ರೂ ಹೇಳುವ ಕತೆ ಇದು. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಟಾಮ್ಸ್ ಲೆಕ್ಕದ ಪ್ರೋಗ್ರಾಂ 180ಕ್ಕಿಂತ ಕಡಿಮೆ ಬಂದ ಅಳತೆಗೆ ಅನುಮಾನದ ಗುರುತು ಹಾಕುತ್ತಿತ್ತು. ಬಿಸಾಡುತ್ತಿರಲಿಲ್ಲ. ಅಂಟಾರ್ಕ್ಟಿಕಾದ ಮೇಲೆ ಅಂಥ ಗುರುತು ರಾಶಿ ಬಿದ್ದದ್ದನ್ನು ನಾಸಾದವರು ಗಮನಿಸಿದರು. ಸರಿ, ನೆಲದ ಉಪಕರಣ ಏನು ಹೇಳುತ್ತದೆ ಅಂತ ದಕ್ಷಿಣ ಧ್ರುವದ ಡಾಬ್ಸನ್ ಲೆಕ್ಕ ತೆಗೆದು ನೋಡಿದರು. ಅದು 300ರ ಆಸುಪಾಸು ತೋರಿಸುತ್ತಿತ್ತು. ಉಪಗ್ರಹವೇ ಕೆಟ್ಟಿದೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆಮೇಲೆ ಗೊತ್ತಾಯಿತು, ತಪ್ಪಿದ್ದು ಆ ನೆಲದ ಲೆಕ್ಕ.

ಅಷ್ಟರಲ್ಲಿ 1985ರ ಮೇ ತಿಂಗಳಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ಬ್ರಿಟಿಷ್ ವಿಜ್ಞಾನಿಗಳು ಹ್ಯಾಲಿ ಬೇ ಠಾಣೆಯ ಡಾಬ್ಸನ್ ಲೆಕ್ಕ ಇಟ್ಟುಕೊಂಡು ನೇಚರ್ ಪತ್ರಿಕೆಯಲ್ಲಿ ರಂಧ್ರದ ಸುದ್ದಿ ಬರೆದೇಬಿಟ್ಟರು. ರಂಧ್ರ ಎಷ್ಟು ದೊಡ್ಡದು ಅನ್ನುವ ನಕ್ಷೆ ಮಾತ್ರ ಬಂದದ್ದು ಉಪಗ್ರಹದಿಂದಲೇ. ಕಂಪ್ಯೂಟರನ್ನು ಬೈಯುವುದಕ್ಕೆ ಈ ಕತೆ ಬಳಸುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಹಿಂದಿನ ಪ್ರಶ್ನೆಯಲ್ಲಿ ನೆಲ ಸರಿ, ಉಪಗ್ರಹ ತಪ್ಪು. ಇಲ್ಲಿ ನೆಲ ತಪ್ಪು, ಉಪಗ್ರಹ ಸರಿ. ಎರಡರಲ್ಲಿ ಯಾವುದನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ.

ಮೇಲೆ ಹೋದ ಉಪಕರಣ ವಾಪಸ್ ತಂದು ಪರೀಕ್ಷೆ ಮಾಡಿದ್ದು ಉಂಟಾ?

ಉಂಟು. 1989ರಿಂದ 1996ರವರೆಗೆ ಎಸ್‌ಬಿಯುವಿ ಜಾತಿಯ ಒಂದು ಉಪಕರಣವನ್ನು ಸ್ಪೇಸ್ ಶಟಲ್‌ನಲ್ಲಿ 8 ಸಲ ಮೇಲೆ ಒಯ್ದು ಇಳಿಸಿದರು. ಹೋಗುವ ಮುಂಚೆ ಲ್ಯಾಬ್‌ನಲ್ಲಿ ಪರೀಕ್ಷೆ, ಬಂದ ಮೇಲೆ ಮತ್ತೆ ಪರೀಕ್ಷೆ. ಮೇಲಿದ್ದಾಗ ಅಮೆರಿಕದ ಹವಾಮಾನ ಸಂಸ್ಥೆ ನೋವಾದ ಉಪಗ್ರಹಗಳ ಉಪಕರಣ ನೋಡಿದ ಜಾಗವನ್ನೇ ಹೆಚ್ಚುಕಡಿಮೆ ಅದೇ ಹೊತ್ತಿಗೆ ನೋಡಿ ತಾಳೆ ಹಾಕಿದರು. ಶಟಲ್ ನಿಂತ ಮೇಲೆ ಆ ಐಷಾರಾಮ ಹೋಯಿತು.

## ನೆಲದ ಕಡೆಯಿಂದ, ನಮ್ಮ ಕಡೆಯಿಂದ

ನೆಲದ ಉಪಕರಣಕ್ಕೆ ಹೋಲಿಸ್ತೀರಿ. ಅದು ಸರಿ ಇದೆ ಅಂತ ಹೇಳೋರು ಯಾರು?

ಅದರ ಮೇಲೊಂದು ಇದೆ. ಜಗತ್ತಿನ ಡಾಬ್ಸನ್‌ಗಳಿಗೆಲ್ಲ ಹಿರಿಯ ಅಮೆರಿಕದ 83ನೇ ನಂಬರಿನದು. ಅದನ್ನು ಹವಾಯಿಯ ಮೌನಾ ಲೋವಾ ಪರ್ವತಕ್ಕೆ ಒಯ್ದು ಸೂರ್ಯನನ್ನೇ ನೋಡಿ ಸರಿಪಡಿಸುತ್ತಾರೆ. ಬೆಳಿಗ್ಗೆ ಸೂರ್ಯ ಕೆಳಗಿರುವಾಗ ಬೆಳಕು ಜಾಸ್ತಿ ಗಾಳಿ ದಾಟಿ ಬರುತ್ತದೆ, ಮೇಲೇರಿದಂತೆ ಕಡಿಮೆ ಗಾಳಿ. ಹೊತ್ತು ಹೊತ್ತಿಗೆ ಅಳೆದು ಗ್ರಾಫ್ ಮೇಲೆ ಗೆರೆ ಎಳೆದು ಹಿಂದಕ್ಕೆ ಚಾಚಿದರೆ, ಗಾಳಿಯೇ ಇಲ್ಲದಿದ್ದರೆ ಎಷ್ಟು ಬೆಳಕು ಬರುತ್ತಿತ್ತು ಅಂತ ಸಿಗುತ್ತದೆ. ಇದಕ್ಕೆ ಲ್ಯಾಂಗ್ಲಿ ವಿಧಾನ ಅನ್ನುತ್ತಾರೆ. ಉಳಿದ ದೇಶಗಳ ಉಪಕರಣಗಳನ್ನು ಇದರ ಜತೆ, ಅಥವಾ ಇದಕ್ಕೆ ತಾಳೆಯಾದ ಇನ್ನೊಂದರ ಜತೆ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಕೊಡಗಿನಲ್ಲಿ ಅಂಥದ್ದಿಲ್ಲ. ದಕ್ಷಿಣದಲ್ಲಿ ಹಳೆಯ ದಾಖಲೆ ಇರುವುದು ಕೊಡೈಕನಾಲ್‌ನಲ್ಲಿ. ತಿರುವನಂತಪುರದಿಂದ ಬಲೂನ್ ಕಟ್ಟಿ ಓಝೋನ್ ಅಳೆಯುವ ಪುಟ್ಟ ಉಪಕರಣವಾದ ಓಝೋನ್‌ಸೋಂಡ್ ಹಾರಿಸಿದ ದಾಖಲೆಯೂ ಇದೆ.

ಜೂನ್‌ನಿಂದ ನಮಗೆ ಸೂರ್ಯನೇ ಕಾಣಲ್ಲ. ಆಗ ಉಪಗ್ರಹ ಏನನ್ನು ಅಳೆಯುತ್ತೆ?

ಮೋಡದ ಮೇಲಿನದನ್ನು. ಭಾಗಮಂಡಲದ ಮೇಲೆ ದಟ್ಟ ಮೋಡ ಕೂತಿದ್ದರೆ ಅದರ ಕೆಳಗಿನ ಓಝೋನ್ ಉಪಗ್ರಹಕ್ಕೆ ಕಾಣುವುದಿಲ್ಲ. ಕಾಣದ ಭಾಗವನ್ನು ಹಿಂದಿನ ಸರಾಸರಿಯಿಂದ ಅಂದಾಜು ಮಾಡಿ ಸೇರಿಸುತ್ತಾರೆ. ಬಹುಪಾಲು ಓಝೋನ್ ಮೋಡಕ್ಕಿಂತ ಎಷ್ಟೋ ಮೇಲಿರುವುದರಿಂದ ಒಟ್ಟು ಲೆಕ್ಕ ತುಂಬಾ ಕೆಡುವುದಿಲ್ಲ. ಆದರೆ ಕಾಡ್ಗಿಚ್ಚು, ವಾಹನದ ಹೊಗೆಯಿಂದ ನೆಲದ ಹತ್ತಿರ ಹುಟ್ಟುವ ಓಝೋನ್ ಬಗ್ಗೆ ಮಳೆಗಾಲದ ಉಪಗ್ರಹ ಲೆಕ್ಕ ಇಟ್ಟುಕೊಂಡು ವಾದ ಮಾಡಬೇಡಿ.

ಮಡಿಕೇರಿಗೊಂದು, ಸಂಪಾಜೆಗೊಂದು ಅಂತ ಬೇರೆ ಬೇರೆ ಲೆಕ್ಕ ಸಿಗುತ್ತಾ?

ಹಿಂದೆ ಸಾಧ್ಯವೇ ಇರಲಿಲ್ಲ. ನಿಂಬಸ್‌-7ರ ಟಾಮ್ಸ್‌ಗೆ ನೇರ ಕೆಳಗಿನ ಒಂದು ಚುಕ್ಕೆ ಅಂದರೆ ಸುಮಾರು 50 ಕಿಲೋಮೀಟರ್ ಉದ್ದ, 50 ಅಗಲ. 2,500 ಚದರ ಕಿಲೋಮೀಟರ್ ಆಯಿತು. ಕೊಡಗು ಇರುವುದೇ 4,102. ಅರ್ಧಕ್ಕಿಂತ ಜಾಸ್ತಿ ಜಿಲ್ಲೆ ಒಂದೇ ಚುಕ್ಕೆಯೊಳಗೆ. ಟ್ರೋಪೋಮಿಯ ಚುಕ್ಕೆ 5.5ಕ್ಕೆ 3.5 ಕಿಲೋಮೀಟರ್. ಜಿಲ್ಲೆಯ ಮೇಲೆ ಇನ್ನೂರಕ್ಕೂ ಹೆಚ್ಚು ಕೂರುತ್ತವೆ.

ಆದರೆ ಘಾಟಿ ಇಲ್ಲೊಂದು ಚೇಷ್ಟೆ ಮಾಡುತ್ತದೆ. ಮಡಿಕೇರಿ 1,100 ಮೀಟರ್‌ಗಿಂತ ಮೇಲೆ, ಸಂಪಾಜೆ ಬುಡದಲ್ಲಿ. ಗಾಳಿಯಲ್ಲಿ ಶತಕೋಟಿಗೆ 40 ಪಾಲು ಓಝೋನ್ ಇದ್ದರೆ, ನೆಲದ ಹತ್ತಿರದ ಒಂದು ಕಿಲೋಮೀಟರ್ ದಪ್ಪದ ಗಾಳಿಯಲ್ಲಿ ಸುಮಾರು 3.5 ಯೂನಿಟ್ ಇರುತ್ತದೆ. ಸಂಪಾಜೆಗೆ ಅದು ಸೇರುತ್ತದೆ, ಮಡಿಕೇರಿಗೆ ಇಲ್ಲ. ಚುಕ್ಕೆ ಘಾಟಿಯ ಮೇಲೇ ಬಿದ್ದರೆ ಎರಡೂ ಬೆರೆತು ಹೋಗುತ್ತವೆ. ಬೆಟ್ಟದ ಮೇಲಿನ ಠಾಣೆಗೂ ಉಪಗ್ರಹಕ್ಕೂ ತಾಳೆ ಹಾಕುವವರು ಮೊದಲು ಈ ಎತ್ತರದ ವ್ಯತ್ಯಾಸ ಕಳೆಯಬೇಕು. 2,300 ಮೀಟರ್ ಮೇಲಿರುವ ಕೊಡೈಕನಾಲ್‌ಗೂ ಇದೇ ಕತೆ.

ನಾವೇ ಕಾಲೇಜಿನಲ್ಲಿ ಒಂದು ಉಪಕರಣ ಇಟ್ಟು ಅಳೆದರೆ ಏನಾದ್ರೂ ಉಪಯೋಗ ಉಂಟಾ, ಸುಮ್ನೆ ಆಟಾನಾ?

ಉಪಯೋಗ ಉಂಟು. ಅಮೆರಿಕದ ಟೆಕ್ಸಾಸ್‌ನ ಫಾರೆಸ್ಟ್ ಮಿಮ್ಸ್ ಅನ್ನುವವರು ವೃತ್ತಿ ವಿಜ್ಞಾನಿಯಲ್ಲ, ಎಲೆಕ್ಟ್ರಾನಿಕ್ಸ್ ಹವ್ಯಾಸಿ ಮತ್ತು ಬರಹಗಾರ. ಕೈಯಲ್ಲಿ ಹಿಡಿಯುವ ಓಝೋನ್ ಮೀಟರನ್ನು ತಾವೇ ಕಟ್ಟಿಕೊಂಡರು, ಒಂದಲ್ಲ, ಎರಡು. 1992ರಲ್ಲಿ ಎರಡೂ ಒಂದಕ್ಕೊಂದು ತಾಳೆಯಾಗುತ್ತಿದ್ದವು, ನಿಂಬಸ್‌-7 ಲೆಕ್ಕ ಮಾತ್ರ ಸರಿಯುತ್ತ ಹೋಗಿತ್ತು. ಉಪಗ್ರಹದಲ್ಲಿ ದೋಷ ಇದೆ ಅಂದರು. ಅವರ ಮಾತೇ ಸರಿಯಾಯಿತು, 1993ರಲ್ಲಿ ನೇಚರ್‌ನಲ್ಲಿ ಬಂತು.

ಅವರ ಬಲ ಇದ್ದದ್ದು ಎರಡನೇ ಮೀಟರಿನಲ್ಲಿ. ಒಂದೇ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಈಗ ಕೈಯಲ್ಲಿ ಹಿಡಿಯುವ ಮೈಕ್ರೋಟಾಪ್ಸ್‌ನಂಥವು ಕೊಳ್ಳಲು ಸಿಗುತ್ತವೆ. ಅದರ ಫಿಲ್ಟರ್‌ಗಳೂ ಮುದಿಯಾಗುತ್ತವೆ, ಲ್ಯಾಂಗ್ಲಿ ಗೆರೆ ಎಳೆಯಲು ಒಂದೇ ಸಮ ತಿಳಿಯಾದ ಬೆಳಗು ಬೇಕು. ನಮಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಿಗಬಹುದು. ಕಣಿವೆಯ ಮಂಜು ತಪ್ಪಿಸಲು ಎತ್ತರದ ಜಾಗ ಹುಡುಕಿ.

## ಒಳಗಿನ ಸೂಕ್ಷ್ಮಗಳು

ಬೆಳಕು ಎಷ್ಟು ಅನ್ನೋದು ಸರಿ ಇದ್ದರೆ ಸಾಕಲ್ವಾ? ತರಂಗಾಂತರವೂ ಸರಿಯುತ್ತಾ?

ಸರಿಯುತ್ತದೆ. ಉಪಕರಣ ಬಿಸಿಯಾದರೆ, ತಣ್ಣಗಾದರೆ ಒಳಗಿನ ಜೋಡಣೆ ಕೂದಲೆಳೆಯಷ್ಟು ಅಲುಗುತ್ತದೆ. ಓಝೋನ್ ಹೀರುವಿಕೆ ಈ ಬಣ್ಣಗಳಲ್ಲಿ ಕಡಿದಾಗಿ ಬದಲಾಗುವುದರಿಂದ ಅಷ್ಟು ಸಾಕು ಲೆಕ್ಕ ಕೆಡಲು. ಇದಕ್ಕೆ ಸೂರ್ಯನೇ ಅಳತೆಪಟ್ಟಿ. ಅವನ ಬೆಳಕಿನಲ್ಲಿ ಫ್ರಾನ್‌ಹೋಫರ್ ರೇಖೆಗಳೆಂಬ ಕಪ್ಪು ಗೆರೆಗಳಿವೆ, ಪ್ರತಿಯೊಂದರ ಜಾಗವೂ ಗೊತ್ತಿದೆ. ಕ್ಯಾಲ್ಸಿಯಂನ ಎರಡು ದಪ್ಪ ಗೆರೆ 393.4 ಮತ್ತು 396.8 ನ್ಯಾನೋಮೀಟರ್‌ನಲ್ಲಿ. ಉಪಕರಣದ ಪಟ್ಟಿಯಲ್ಲಿ ಗೆರೆ ಎಲ್ಲಿ ಬಿತ್ತು ಅಂತ ನೋಡಿ ಸರಿಸಿಕೊಳ್ಳುತ್ತಾರೆ. ಉಪಗ್ರಹ ಸೆಕೆಂಡಿಗೆ ಸುಮಾರು 7.5 ಕಿಲೋಮೀಟರ್ ಓಡುತ್ತದೆ. ಸೂರ್ಯನ ಕಡೆಗೆ ಓಡುವಾಗ ಡಾಪ್ಲರ್ ಪರಿಣಾಮದಿಂದಲೇ ಗೆರೆ 0.008 ನ್ಯಾನೋಮೀಟರ್‌ನಷ್ಟು ಜರುಗಬಹುದು. ಅದನ್ನೂ ಬಿಡುವುದಿಲ್ಲ.

ಕ್ಯಾಲಿಬ್ರೇಷನ್‌ನಿಂದ ಸರಿಯಾಗದ ದೋಷ ಇದೆಯಾ?

ಇದೆ. ಓಮಿಯ ನೋಟಕ್ಕೆ 2007ರಿಂದ ಏನೋ ಅಡ್ಡ ಬಂದಿದೆ. ಹೊರಗಿನ ಉಷ್ಣ ಹೊದಿಕೆ ಸಡಿಲಾಗಿದೆ ಅನ್ನುವುದು ಬಲವಾದ ಊಹೆ. ಅದು ಅಡ್ಡಕ್ಕೆ ಒಮ್ಮೆಗೇ ನೋಡುವ 60 ಸಾಲುಗಳಲ್ಲಿ ಕೆಲವು ಹಾಳು. ಅವನ್ನು ಸರಿಪಡಿಸಲು ಒದ್ದಾಡದೆ ಗುರುತು ಹಾಕಿ ಬಿಟ್ಟುಬಿಡುವುದೇ ವಾಸಿ. ಅಚ್ಚರಿ ಅಂದರೆ, ಉಳಿದ ಸಾಲುಗಳು ವರ್ಷಾನುಗಟ್ಟಲೆ ಬಹಳ ಸ್ಥಿರವಾಗಿ ನಡೆದವು.

ಒಂದು ಉಪಗ್ರಹ ಸತ್ತು ಇನ್ನೊಂದು ಬರುತ್ತೆ. 1970ರಿಂದ ಒಂದೇ ಗೆರೆ ಹೇಗೆ ಎಳೀತಾರೆ?

ಹಳೆ ತೋಟದವರಿಗೆ ಇದು ಹೇಳಿಕೊಡಬೇಕಿಲ್ಲ. ಅಜ್ಜನ ಕಾಲದಿಂದ ಇಂಚು–ಸೆಂಟಿನಲ್ಲಿ ಮಳೆ ಬರೆದಿಟ್ಟ ಪುಸ್ತಕ ಇದೆ, ಮಳೆಮಾಪಕ ತೂತಾಯಿತು. ಹೊಸದನ್ನು ತಂದು ಹಳೆಯದನ್ನು ಅವತ್ತೇ ಎಸೆದರೆ, ಮುಂದೆ ಮಳೆ ಕಡಿಮೆಯಾಯಿತೋ ಮಾಪಕ ಬದಲಾಯಿತೋ ತಿಳಿಯದು. ಎರಡನ್ನೂ ಒಂದು ಮಳೆಗಾಲ ಅಕ್ಕಪಕ್ಕ ಇಡಬೇಕು.

ಉಪಗ್ರಹಗಳಲ್ಲೂ ಅಷ್ಟೆ. ನಿಂಬಸ್‌-4, ನಿಂಬಸ್‌-7, ನೋವಾ ಸಾಲು, 2011ರ ಸುವೋಮಿ ಎನ್‌ಪಿಪಿಯ ಓಎಂಪಿಎಸ್ ಉಪಕರಣ, ಹೀಗೆ ಒಂದು ಇರುವಾಗಲೇ ಇನ್ನೊಂದು ಹೋದ ಕಡೆ ಜೋಡಣೆ ಗಟ್ಟಿ. ನಡುವೆ ಖಾಲಿ ಬಿದ್ದ ಕಡೆ ನೆಲದ ಠಾಣೆಗಳೇ ಆಧಾರ. ಇದರ ಜತೆಗೆ ಅಂಟಾರ್ಕ್ಟಿಕಾ, ಗ್ರೀನ್‌ಲ್ಯಾಂಡ್‌ನ ಹಿಮಬಯಲು ನೋಡುತ್ತಾರೆ. ಅದರ ಬಿಳುಪು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಓಝೋನ್ ಹೀರದ ತರಂಗದಲ್ಲಿ ಹಿಮ ಮಂಕಾಗಿ ಕಂಡರೆ ಮಂಕಾದದ್ದು ಉಪಕರಣ.

ಹಳೇ ವರ್ಷದ ಲೆಕ್ಕವನ್ನೇ ಆಮೇಲೆ ಬದಲಾಯಿಸ್ತಾರಂತೆ. ಇದು ಮೋಸ ಅಲ್ವಾ?

ಅಲ್ಲ. ಮೂಲ ಸಿಗ್ನಲ್ ಹಾಗೇ ಇರುತ್ತದೆ. ಡಿಫ್ಯೂಸರ್ ಎಷ್ಟು ಕಪ್ಪಾಗಿತ್ತು ಅಂತ ಹೊಸದಾಗಿ ತಿಳಿದಾಗ, ಅಥವಾ ಓಝೋನ್ ಯಾವ ತಾಪಮಾನದಲ್ಲಿ ಎಷ್ಟು ಬೆಳಕು ಹೀರುತ್ತದೆ ಅಂತ ಲ್ಯಾಬ್‌ನಲ್ಲಿ ಇನ್ನೂ ನಿಖರವಾಗಿ ಅಳೆದಾಗ, ಮೊದಲ ದಿನದಿಂದ ಮತ್ತೆ ಲೆಕ್ಕ ಹಾಕುತ್ತಾರೆ. ಟಾಮ್ಸ್ ಲೆಕ್ಕ 8ನೇ ಆವೃತ್ತಿವರೆಗೆ ಬಂದದ್ದು ಹೀಗೆ. ಮೋಸ ಆಗುವುದು ನಾವು ಒಂದು ವರ್ಷದ್ದನ್ನು ಹಳೆ ಆವೃತ್ತಿಯಿಂದ, ಇನ್ನೊಂದು ವರ್ಷದ್ದನ್ನು ಹೊಸದರಿಂದ ತೆಗೆದು ಗೆರೆ ಎಳೆದಾಗ. ಕಾಲೇಜು ಪ್ರಾಜೆಕ್ಟ್‌ಗೆ ಡೇಟಾ ಇಳಿಸಿಕೊಳ್ಳುವವರು ಉಪಕರಣದ ಹೆಸರು, ಆವೃತ್ತಿ ಸಂಖ್ಯೆ, ಇಳಿಸಿಕೊಂಡ ತಾರೀಕು ಮೂರನ್ನೂ ಮೊದಲ ಪುಟದಲ್ಲೇ ಬರೆದಿಡಿ.